ಊ2ಔ ಅಂದ್ರೆ ನೀರು

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಪ್ರಶ್ನೆಪತ್ರಿಕೆ ಹಿಡಿದು ಡಿಟಿಪಿ ಅಂಗಡಿಗೆ ಅಲೆಯುವುದು ಸಾಕಾಗಿ, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ನಾನೇ ಟೈಪ್ ಮಾಡಲು ಕಲಿತಿದ್ದೆ. ಸ್ವಲ್ಪ ಜಂಬವೂ ಇತ್ತು ಅನ್ನಿ. ಒಂದು ಸಲ ಹತ್ತನೇ ತರಗತಿಯ ಕಿರುಪರೀಕ್ಷೆ ಪೇಪರನ್ನು ಪಕ್ಕದ ಊರಿನ ಮೇಷ್ಟ್ರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. "ಮೇಡಂ, ಇದ್ಯಾವ ಭಾಷೆ?"

ನನ್ನ ಮೊಬೈಲಿನಲ್ಲೂ ತೆರೆದು ನೋಡಿದೆ. ಕನ್ನಡ ಇರಬೇಕಾದ ಕಡೆಯೆಲ್ಲ ತಲೆಗೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ಪಿಡಿಎಫ್ ಮಾಡಿ ಕಳಿಸಿ ಎಂದರು ಒಬ್ಬರು. ಅದರಲ್ಲಿ ಸರಿಯಾಗಿ ಕಾಣುತ್ತದೆ, ನಿಜ. ಆದರೆ ಆ ಮೇಷ್ಟ್ರು ತಮ್ಮ ಮಕ್ಕಳಿಗೆ ತಕ್ಕ ಹಾಗೆ ಎರಡು ಪ್ರಶ್ನೆ ಬದಲಾಯಿಸಬೇಕಿತ್ತಲ್ವಾ?

ಕಾರಣ ತಿಳಿಯಲು ಒಂದು ಭಾನುವಾರ ಹೋಯಿತು. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂಗ್ಲಿಷೇ. ಫಾಂಟ್ ಇಲ್ಲದ ಕಡೆ ವೇಷ ಕಳಚಿಬೀಳುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಹಾಗಲ್ಲ, ಕನ್ನಡಕ್ಕೆ ಅದರದೇ ಜಾಗ ಇದೆ. ನುಡಿಯಲ್ಲೇ ಯುನಿಕೋಡ್ ಆಯ್ಕೆಯೂ ಇದೆ. ನಾನು ಅದನ್ನು ಮುಟ್ಟಿಯೇ ಇರಲಿಲ್ಲ! ಬೆರಳಿಗೆ ಹೊಸದೇನೂ ಕಲಿಸಬೇಕಾಗಲಿಲ್ಲ. ಕೆ.ಪಿ. ರಾವ್ ಅವರ ಅದೇ ಕೀಲಿಮಣೆ ವಿನ್ಯಾಸ. ಒತ್ತಕ್ಷರಕ್ಕೆ ಎಫ್, ಡ ಬೇಕಾದರೆ ಡಬ್ಲ್ಯೂ. ಶಾಲೆಯ ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಬದಲು ಇರುವ ಉಬುಂಟುವಿನಲ್ಲೂ ಅದೇ ವಿನ್ಯಾಸ ಸಿಕ್ಕಿತು.

ಹೊಸ ಪೇಪರ್‌ಗಳ ಚಿಂತೆ ಹೋಯಿತು. ಹಳೆಯವನ್ನು ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ತಂತ್ರಾಂಶಕ್ಕೆ ಹಾಕಿದೆ. ಕನ್ನಡ ಚೆನ್ನಾಗಿ ಬಂತು, ಆದರೆ ನೀರಿನ ಸೂತ್ರ H2O ಹೋಗಿ "ಊ2ಔ" ಆಗಿತ್ತು! ಇಂಗಾಲದ ಡೈಆಕ್ಸೈಡ್ "ಅಔ2". ಹಳೆಯ ಫಾಂಟ್‌ನಲ್ಲಿ ಎಚ್ ಜಾಗದಲ್ಲಿ ಊ, ಓ ಜಾಗದಲ್ಲಿ ಔ, ಸಿ ಜಾಗದಲ್ಲಿ ಅ ಕೂತಿರುತ್ತವೆ. ನಿಜವಾದ ಇಂಗ್ಲಿಷ್ ಯಾವುದು, ವೇಷದ ಇಂಗ್ಲಿಷ್ ಯಾವುದು ಎಂದು ಪಾಪ ಆ ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು? ಮೊದಲ ದಿನ ಒಂದೊಂದಾಗಿ ತಿದ್ದಿ ಕಣ್ಣು ಉರಿಯಿತು. ಆಮೇಲೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪಟ್ಟಿ ಬರೆದುಕೊಂಡೆ: ಯಾವ ಸೂತ್ರ ಏನಾಗಿ ಬಂದಿದೆ ಎಂದು. ಕಂಟ್ರೋಲ್ ಎಚ್ ಒತ್ತಿ, ಊ2ಔ ಇದ್ದ ಕಡೆಯೆಲ್ಲ ಒಂದೇ ಏಟಿಗೆ ಬದಲಾಯಿಸಿದೆ. ಚಿಕ್ಕ 2 ಮಾತ್ರ ಈಗಲೂ ಕೈಯಿಂದಲೇ ಕೆಳಗಿಳಿಸುತ್ತೇನೆ.

ತರಬೇತಿಯಲ್ಲಿ ನಮಗೆ ಸ್ಲೈಡ್‌ಗೆ ಬಣ್ಣ ಹಾಕುವುದನ್ನು ಚೆನ್ನಾಗಿ ಹೇಳಿಕೊಟ್ಟಿದ್ದರು. ಈ ವಿಷಯ ಯಾರೂ ಎತ್ತಿರಲಿಲ್ಲ. ದಿನಾ ಕೈ ಸುಡುವುದು ಇದೇ ಅಂತ ನನಗನ್ನಿಸುತ್ತದೆ.

ಈಗ ಎಲ್ಲ ಪೇಪರ್‌ಗಳೂ ಒಂದೇ ಫೈಲ್‌ನಲ್ಲಿವೆ, ಬೇಕಾದ ಪದ ಹುಡುಕಬಹುದು. ಸುಮ್ನೆ ವಿದ್ಯುತ್ ಪಾಠದ "ಓಮ್" ಎಂದು ಹುಡುಕಿದೆ. ಒಂದೇ ಪ್ರಶ್ನೆ, ಒಂದಕ್ಷರವೂ ಬದಲಾಗದೆ, ಆರು ಪೇಪರ್‌ಗಳಲ್ಲಿ ಸಿಕ್ಕಿತು. ಮಕ್ಕಳಿಗೆ ಇದು ಮೊದಲೇ ಗೊತ್ತಿತ್ತೋ ಏನೋ.