ಫೈಬರ್ ಕಡಿದರೂ ಇಂಟರ್‌ನೆಟ್: ರೌಟರ್‌ಗೆ ಬದಲಿ ದಾರಿ ಹಾಕಿಕೊಡುವುದು ಹೇಗೆ?

ಪುನರ್ವಸು ಮಳೆ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ಸಿಲ್ವರ್ ಓಕ್ ಕೊಂಬೆಗಳು ಮುರಿದು ಬೀಳುವುದೇ ಕೇಬಲ್‌ಗಳ ಮೇಲೆ. ಹೋಂಸ್ಟೇ ಬುಕಿಂಗ್, ತೋಟದ ಕಚೇರಿಯ ಬ್ಯಾಂಕ್ ವ್ಯವಹಾರ ಎಲ್ಲಕ್ಕೂ ರಜೆ. ಲೈನ್‌ಮನ್ ದಾರಿ ಕಾಯುವ ಬದಲು ರೌಟರ್‌ಗೆ ಸಿಮ್ ಹಾಕಿದ 4ಜಿ ಡಾಂಗಲ್ ಒಂದನ್ನು ಜೋಡಿಸಿಡಬಹುದು. ಉಪಾಯ ಹಳೆಯದೇ. ಹಿಂದೆ ಬ್ಯಾಂಕ್ ಶಾಖೆಗಳ ಲೀಸ್ಡ್ ಲೈನ್ (ಬಾಡಿಗೆಗೆ ಪಡೆದ ಖಾಸಾ ಲೈನ್) ಕೈಕೊಟ್ಟರೆ ರೌಟರ್ ತಾನಾಗಿಯೇ ಐಎಸ್‌ಡಿಎನ್ ಎಂಬ ಡಿಜಿಟಲ್ ಫೋನ್ ಲೈನಿನಲ್ಲಿ ಡಯಲ್ ಮಾಡುತ್ತಿತ್ತು. 64 ಕೆಬಿಪಿಎಸ್‌ನ ಎರಡು ಚಾನೆಲ್ ಸೇರಿಸಿದರೂ ಸಿಗುತ್ತಿದ್ದುದು 128. ಅಷ್ಟರಲ್ಲೇ ದಿನದ ಲೆಕ್ಕ ಸಾಗಿಹೋಗುತ್ತಿತ್ತು.

ರೌಟರ್ ಕೊಳ್ಳುವಾಗ ಯುಎಸ್‌ಬಿ ಕಿಂಡಿ ನೋಡಿ ಮರುಳಾಗಬೇಡಿ. ಎಷ್ಟೋ ಮಾದರಿಗಳಲ್ಲಿ ಅದು ಪೆನ್‌ಡ್ರೈವ್‌ಗೆ ಮಾತ್ರ. ‘4ಜಿ ಬ್ಯಾಕಪ್’ ಸೌಲಭ್ಯ ಇದೆಯೇ, ನಿಮ್ಮ ಡಾಂಗಲ್ ಅದಕ್ಕೆ ಹೊಂದುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಿ. ಸಿಮ್ ಯಾವ ಕಂಪನಿಯದು ಎಂಬುದನ್ನು ಜಾಹೀರಾತು ನೋಡಿ ತೀರ್ಮಾನಿಸಬೇಡಿ. ನಿಮ್ಮ ಅಂಗಳದಲ್ಲಿ ಯಾರ ಸಿಗ್ನಲ್ ನಿಲ್ಲುತ್ತದೋ ಅದೇ ಆಗಲಿ. ತಗಡಿನ ಮಾಡಿನ ಕೆಳಗೆ ಸಿಗ್ನಲ್ ಸೊರಗುತ್ತದೆ. ಉದ್ದದ ಯುಎಸ್‌ಬಿ ವೈರ್ ಹಾಕಿ ಡಾಂಗಲನ್ನು ಕಿಟಕಿಯ ಬಳಿಗೆ ತನ್ನಿ.

ಈಗ ರೌಟರ್‌ನ ಸೆಟ್ಟಿಂಗ್ಸ್ ಪುಟ ತೆರೆಯಿರಿ. ಫೈಬರ್ ಮೋಡೆಮ್, ರೌಟರ್ ಎರಡರ ವಿಳಾಸವೂ 192.168.1.1 ಆಗಿದ್ದರೆ ಗಲಿಬಿಲಿ ಖಚಿತ; ರೌಟರ್‌ನದನ್ನು 192.168.10.1 ಎಂದು ಬದಲಿಸಿ. ಮೊಬೈಲ್ ವಿಭಾಗದಲ್ಲಿ ಸಿಮ್ ಕಂಪನಿಯ ಎಪಿಎನ್ (ಅದರ ಡೇಟಾ ಜಾಲಕ್ಕೆ ಸೇರಿಸುವ ಹೆಸರು) ತುಂಬಿ. ಫೈಬರ್ ಮುಖ್ಯ, ಮೊಬೈಲ್ ಬದಲಿ ಎಂದು ಗುರುತಿಸಿ ‘ಫೇಲ್‌ಓವರ್’ (ಮುಖ್ಯ ದಾರಿ ಕೆಟ್ಟಾಗ ಮಾತ್ರ ಬದಲಿಗೆ ಹೊರಳುವುದು) ಆರಿಸಿ. ಪಕ್ಕದಲ್ಲಿರುವ ‘ಲೋಡ್ ಬ್ಯಾಲೆನ್ಸ್’ ಒತ್ತಿದರೆ ಎರಡೂ ದಾರಿ ಒಟ್ಟಿಗೆ ಬಳಕೆಯಾಗಿ ಫೈಬರ್ ಚೆನ್ನಾಗಿರುವಾಗಲೂ ಸಿಮ್ ಡೇಟಾ ಕರಗುತ್ತಿರುತ್ತದೆ.

ಬಹುತೇಕರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ದೂರದ ರಸ್ತೆಯಲ್ಲಿ ಫೈಬರ್ ಕಡಿದಾಗ ಮೋಡೆಮ್‌ನಲ್ಲಿ ‘ಲಾಸ್’ ಎಂಬ ಕೆಂಪು ದೀಪ ಹತ್ತುತ್ತದೆ. ಆದರೆ ಮೋಡೆಮ್‌ನಿಂದ ರೌಟರ್‌ಗೆ ಬರುವ ಮೂರಡಿ ವೈರ್ ಗಟ್ಟಿಯಾಗಿಯೇ ಇರುತ್ತದಲ್ಲ! ಇಂಟರ್‌ನೆಟ್ ಕಂಪನಿಗೆ ಮೋಡೆಮ್ಮೇ ಲಾಗಿನ್ ಆಗುವ ಜೋಡಣೆಯಲ್ಲಿ ರೌಟರ್ ಆ ವೈರನ್ನಷ್ಟೇ ನೋಡಿ ಎಲ್ಲ ಸರಿಯಿದೆ ಎಂದು ಸುಮ್ಮನೆ ಕುಳಿತಿರುತ್ತದೆ. ಆದ್ದರಿಂದ ‘ಪಿಂಗ್’ ತಪಾಸಣೆ (ಹೊರಗಿನ ಸರ್ವರನ್ನು ಆಗಾಗ ಕೂಗಿ ಉತ್ತರ ಬರುತ್ತದೆಯೇ ಎಂದು ನೋಡುವುದು) ಚಾಲೂ ಮಾಡಿ, ಗೂಗಲ್‌ನ 8.8.8.8 ಮತ್ತು ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಎಂಬ ಎರಡು ಸರ್ವರ್ ವಿಳಾಸಗಳನ್ನೂ ಕೊಡಿ. ಸತತ ಮೂರು ಬಾರಿ ಎರಡರಿಂದಲೂ ಉತ್ತರ ಬಾರದಿದ್ದರೆ ಸಿಮ್‌ಗೆ ಹೊರಳಲಿ. ಒಂದೇ ಸಲಕ್ಕೆ ಹೊರಳುವಂತೆ ಇಟ್ಟರೆ ಸಣ್ಣ ತಡವರಿಕೆಗೂ ಅತ್ತಿಂದಿತ್ತ ಜಿಗಿಯುತ್ತಿರುತ್ತದೆ.

ಪರೀಕ್ಷೆಗೆ ಆ ಮೂರಡಿ ವೈರ್ ಕಿತ್ತರೆ ಪ್ರಯೋಜನವಿಲ್ಲ, ಅದನ್ನು ಎಂಥ ರೌಟರ್ ಕೂಡ ಗುರುತಿಸುತ್ತದೆ. ಮೋಡೆಮ್‌ನ ಫೈಬರ್ ತುದಿಯನ್ನೇ ಬಿಚ್ಚಿ ನೋಡಿ. ತುದಿಗೆ ಬೆರಳು ತಾಗಿಸಬೇಡಿ, ಕಣ್ಣಿಟ್ಟು ಇಣುಕಲೇಬೇಡಿ. ಮೋಡೆಮ್, ರೌಟರ್ ಎರಡಕ್ಕೂ ಸಣ್ಣ ಯುಪಿಎಸ್ ಬೇಕು. ಮಲೆನಾಡಿನಲ್ಲಿ ಕೇಬಲ್‌ಗಿಂತ ಮೊದಲು ಹೋಗುವುದು ಕರೆಂಟು.

ಸಿಸಿಟಿವಿಯನ್ನು ಹೊರಗಿನಿಂದ ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಸಂಪರ್ಕವನ್ನು ರೌಟರ್ ಕ್ಯಾಮೆರಾಗೆ ದಾಟಿಸುವ ವ್ಯವಸ್ಥೆ) ಮಾಡಿಕೊಂಡವರಿಗೆ ಒಂದು ಮಾತು: ಸಿಮ್ ಮೂಲಕ ಅದು ಸಾಮಾನ್ಯವಾಗಿ ನಡೆಯದು. ಕ್ಯಾಮೆರಾ ಕಂಪನಿಯ ಆ್ಯಪ್‌ನಲ್ಲಿ ಖಾತೆ ತೆರೆದುಕೊಳ್ಳಿ.