ಡಾರ್ಟ್‌ಮೂರ್‌ನಲ್ಲಿ ನಾನು ಕಲ್ಲಿನ ಮನೆ ಹುಡುಕುವ ಬಗೆ

ಡಾರ್ಟ್‌ಮೂರ್‌ನ ಕಂಚಿನ ಯುಗದ ಮನೆಗಳನ್ನು ನೋಡಲು ನಾನು ಚಳಿಗಾಲದಲ್ಲೇ ಹೋಗುತ್ತೇನೆ. ಇಂಗ್ಲೆಂಡಿನ ಡೆವನ್‌ನ ಈ ಬೋಳು ಗುಡ್ಡಗಳ ಮೇಲೆ ಬೇಸಿಗೆಯಲ್ಲಿ ಜರಿಗಿಡ ಸೊಂಟದೆತ್ತರ ಬೆಳೆದು ಕಲ್ಲನ್ನೆಲ್ಲ ಮುಚ್ಚಿಬಿಡುತ್ತದೆ. ಚಳಿಗೆ ಅದು ಒಣಗಿ ಮಲಗುತ್ತದೆ. ಬಿಸಿಲೂ ಓರೆಯಾಗಿ ಬಿದ್ದು ನೆಲದ ಸಣ್ಣ ಉಬ್ಬು ಕೂಡ ಎದ್ದು ಕಾಣುತ್ತದೆ.

ಇಲ್ಲಿ ಇಂಥ ದುಂಡು ಮನೆಗಳ ಬುನಾದಿ 5,000ಕ್ಕೂ ಜಾಸ್ತಿ ಇವೆ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯ ನಕ್ಷೆಯಲ್ಲಿ ಇವುಗಳ ಜಾಗದಲ್ಲಿ ‘ಹಟ್ ಸರ್ಕಲ್’ (ಗುಡಿಸಲಿನ ಸುತ್ತು) ಎಂದು ಬರೆದಿರುತ್ತದೆ. ಆ ಜಾಗ ತಲುಪಿದ ಮೇಲೆ ನಾನು ಮೊದಲು ಬಾಗಿಲು ಹುಡುಕುತ್ತೇನೆ. ಗುಡ್ಡದ ತುಂಬ ಗ್ರಾನೈಟ್ ಚೆಲ್ಲಿರುವಾಗ ಗೋಡೆಯ ಕಲ್ಲು ಯಾವುದು, ಸುಮ್ನೆ ಬಿದ್ದದ್ದು ಯಾವುದು ಎಂದು ಹೇಳುವುದು ಕಷ್ಟ. ಆದರೆ ಬಾಗಿಲ ಎರಡು ಪಕ್ಕ ಜೋಡಿಯಾಗಿ ನೆಟ್ಟ ಕಲ್ಲು ತಾವಾಗಿ ಹಾಗೆ ನಿಲ್ಲುವುದಿಲ್ಲ, ಅಲ್ವಾ? ಅಲ್ಲಿಂದ ಗೋಡೆಯ ಜಾಡು ಹಿಡಿದು ಸುತ್ತು ಬರುತ್ತೇನೆ. ಬಾಗಿಲು ಹೆಚ್ಚಾಗಿ ದಕ್ಷಿಣಕ್ಕೋ ಆಗ್ನೇಯಕ್ಕೋ ಇರುತ್ತದೆ. ಹಾಗಾಗಿ ದಿಕ್ಸೂಚಿ ಬೇಕೇ ಬೇಕು. ಒಳಗಿನ ಅಗಲವನ್ನು ಹೆಜ್ಜೆಯಲ್ಲಿ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಕಣ್ಣು ಪಳಗಿಸಲು ಗ್ರಿಮ್ಸ್‌ಪೌಂಡ್‌ಗಿಂತ ಒಳ್ಳೆಯ ಜಾಗ ಇಲ್ಲ. ಸುಮಾರು 450 ಮೀಟರ್ ಎತ್ತರದಲ್ಲಿ, ದೊಡ್ಡ ಕಲ್ಲಿನ ಪೌಳಿಯೊಳಗೆ 24 ಮನೆಗಳು. ಕ್ರಿ.ಪೂ. 1300ರ ಸುಮಾರಿನವು. ಒಂದು ಮನೆಯ ಬಾಗಿಲ ಮುಂದೆ ಗಾಳಿ ತಡೆಯಲು ಬಾಗಿದ ಗೋಡೆ ಇದೆ. ಅದರ ಮರೆಯಲ್ಲಿ ಕೂತಾಗಲೇ ಕಟ್ಟಿದವರ ಜಾಣ್ಮೆ ನನಗೆ ಪೂರ್ತಿ ಅರ್ಥವಾದದ್ದು. ಪೌಳಿಯ ಹೆಬ್ಬಾಗಿಲು ಹೇಮಲ್‌ಡೌನ್ ಗುಡ್ಡದ ಏರಿನ ಕಡೆಗಿದೆ. ಶತ್ರುವಿಗೆ ಹೆದರಿದವರು, ಮೇಲಿನಿಂದ ಸುಲಭವಾಗಿ ನುಗ್ಗಬಹುದಾದ ಕಡೆ ಹೀಗೆ ಬಾಗಿಲಿಡುತ್ತಿರಲಿಲ್ಲ. ಇದು ದನಕುರಿಗಳಿಗಾಗಿ ಎತ್ತಿದ ಗೋಡೆ ಎಂದೇ ನನ್ನ ನಂಬಿಕೆ. ಒಂದು ಎಚ್ಚರ: 1894ರಲ್ಲಿ ಇಲ್ಲಿ ಅಗೆದವರು ಕೆಲವು ಕಲ್ಲುಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು. ಈಗ ನಿಂತಿರುವುದೆಲ್ಲ ಮೊದಲಿನಿಂದ ಹಾಗೇ ನಿಂತದ್ದಲ್ಲ.

ಮರ, ಹುಲ್ಲಿನ ಚಾವಣಿ ಕೊಳೆತುಹೋಗಿದೆ. ಹುಳಿಮಣ್ಣಿನಲ್ಲಿ ಮೂಳೆಯೂ ಉಳಿಯುವುದಿಲ್ಲ. ನಮಗೆ ದಕ್ಕಿರುವುದು ಹೆಚ್ಚಾಗಿ ಈ ಕಲ್ಲಿನ ಸಾಲುಗಳೇ. ಅದಕ್ಕೇ ನಾನು ಒಂದು ಕಲ್ಲನ್ನೂ ಅಲುಗಿಸುವುದಿಲ್ಲ, ಅದರ ಮೇಲೆ ಹತ್ತುವುದೂ ಇಲ್ಲ.

ಉತ್ತರ ಭಾಗದಲ್ಲಿ ಸೇನೆಯವರು ಗುಂಡು ಹಾರಿಸುವ ಅಭ್ಯಾಸ ನಡೆಸುತ್ತಾರೆ. ಅತ್ತ ಹೊರಡುವ ಮುಂಚೆ ವೇಳಾಪಟ್ಟಿ ನೋಡಿಕೊಳ್ಳಿ. ಕೆಂಪು ಬಾವುಟ ಏರಿಸಿದ್ದರೆ ಒಳಗೆ ಹೋಗುವಂತಿಲ್ಲ.