ಅಜ್ಜನ ಸೇನಾ ಬದುಕನ್ನು ಬರೆದಿಡಲು: ಮೊದಲು ಪದಕ, ಆಮೇಲೆ ಕಥೆ

ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ, ಯುದ್ಧದ ಕಥೆಗಳಿಗೆ ಬರವಿಲ್ಲ, ಇಸವಿಗಳಿಗೆ ಬರ. ‘ಅಜ್ಜ ಕಾಶ್ಮೀರದಲ್ಲಿ ಕಾದಾಡಿದವರು’ ಅನ್ನುತ್ತಾರೆ, 1947–48ರಲ್ಲೋ 1965ರಲ್ಲೋ? ಹಿರಿಯರನ್ನು ಮಾತಿಗೆ ಕೂರಿಸುವ ಮುನ್ನ ಟ್ರಂಕ್ ತೆರೆಯಿರಿ.

ಪದಕಗಳು ಬಹುಪಾಲು ಉತ್ತರ ಹೇಳುತ್ತವೆ. ಬರ್ಮಾ ಸ್ಟಾರ್ ಇದ್ದರೆ ಎರಡನೇ ಮಹಾಯುದ್ಧ. ಜನರಲ್ ಸರ್ವಿಸ್ ಮೆಡಲ್ 1947ರ ರಿಬ್ಬನ್ ಮೇಲೆ ‘ಜಮ್ಮು–ಕಾಶ್ಮೀರ’ ಎಂದಿರುವ ಲೋಹದ ಪಟ್ಟಿ ಇದ್ದರೆ ಮೊದಲ ಕಾಶ್ಮೀರ ಯುದ್ಧ. ಸಮರ ಸೇವಾ ಸ್ಟಾರ್ 1965ರದ್ದು. 1971ಕ್ಕೆ ಪೂರ್ವದಲ್ಲಿ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಪಶ್ಚಿಮಿ ಸ್ಟಾರ್. ರಕ್ಷಾ ಮೆಡಲ್, ಸಂಗ್ರಾಮ ಮೆಡಲ್‌ಗಳನ್ನು ನೋಡಿ ಮೋಸಹೋಗಬೇಡಿ: ರಣರಂಗದಿಂದ ದೂರವಿದ್ದವರಿಗೂ ಅವು ಸಿಕ್ಕಿವೆ. ಸ್ವಾತಂತ್ರ್ಯಾನಂತರದ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸೇನಾ ನಂಬರು, ಹೆಸರು ಕೊರೆದಿರುತ್ತಾರೆ. ಭೂತಗನ್ನಡಿ ಹಿಡಿದು ಓದಿ. ಹೊಳಪು ಬರಲೆಂದು ಬ್ರಾಸೋ ಹಚ್ಚಿ ಉಜ್ಜಿದರೆ ಅಕ್ಷರಗಳೇ ಸವೆಯುತ್ತವೆ.

ನಂಬರಿನ ಮುಂದಿನ ಅಕ್ಷರಗಳನ್ನು ಬಿಡಬೇಡಿ. ಐಸಿ ಎಂದರೆ ಕಾಯಂ ಕಮಿಷನ್ (ಅಧಿಕಾರಿಯಾಗಿ ನೇಮಕ), ಎಸ್‌ಎಸ್ ಶಾರ್ಟ್ ಸರ್ವಿಸ್, ಇಸಿ ತುರ್ತು ಕಮಿಷನ್. ಜೆಸಿ ಇದ್ದರೆ ಸುಬೇದಾರರ ವರ್ಗ. ಇಸಿಯಲ್ಲಿ ಸೇರಿ ಮುಂದೆ ಕಾಯಂ ಆದವರಿಗೆ ಹೊಸ ಐಸಿ ನಂಬರು ಬಂತು. ಎರಡು ನಂಬರು ಕಂಡು ಇಬ್ಬರೆಂದು ತಿಳಿಯಬೇಡಿ.

ಹೆಸರಿನದು ನಮ್ಮ ಜಿಲ್ಲೆಯದೇ ತೊಡಕು. ಕಡತದಲ್ಲಿ ಒಕ್ಕದ (ಕೊಡವರ ಕುಲದ) ಹೆಸರು ಇನಿಷಿಯಲ್‌ಗೆ ಇಳಿದಿರುತ್ತದೆ. ಕೆ.ಎಂ. ಕಾರ್ಯಪ್ಪ, ಕೆ.ಎಸ್. ತಿಮ್ಮಯ್ಯ ಇಬ್ಬರ ‘ಕೆ’ಯೂ ಕೊಡಂದೇರ. ಆದರೆ ಬೇರೆ ಎಷ್ಟೋ ಒಕ್ಕಗಳೂ ಅದೇ ಅಕ್ಷರದವು. ಒಕ್ಕ, ತಂದೆಯ ಹೆಸರು, ಊರು, ನಂಬರು ಇವು ನಾಲ್ಕನ್ನೂ ಒಟ್ಟಿಗೆ ಬರೆದಿಡಿ.

ರೆಜಿಮೆಂಟಿನ ಹೆಸರನ್ನು ಆ ಕಾಲದ್ದಾಗಿಯೇ ಹಾಕಿ. ತಿಮ್ಮಯ್ಯನವರು ಬರ್ಮಾ ಯುದ್ಧದಲ್ಲಿ ಮುನ್ನಡೆಸಿದ ಬೆಟಾಲಿಯನ್ 19ನೇ ಹೈದರಾಬಾದ್ ರೆಜಿಮೆಂಟಿನದು. 1945ರಲ್ಲಿ ಅದು ಕುಮಾವೂಂ ಆಯಿತು. ಕಾಗದದಲ್ಲಿ ಒಂದು, ಬಾಯಲ್ಲಿ ಇನ್ನೊಂದು ಬಂದರೆ ಎರಡೂ ಸರಿಯಿರಬಹುದು. ಹುದ್ದೆಯೂ ಹಾಗೆಯೇ: ಯುದ್ಧಕಾಲದ ತಾತ್ಕಾಲಿಕ ಮೇಜರ್ ಆಮೇಲೆ ಕ್ಯಾಪ್ಟನ್ ಆಗಿ ಕಂಡರೆ ಅದು ಶಿಕ್ಷೆಯಲ್ಲ.

ಫೋಟೊಗಳನ್ನು ಮಳೆಗಾಲಕ್ಕೆ ಮೊದಲೇ ಸ್ಕ್ಯಾನ್ ಮಾಡಿ, 600 ಡಿಪಿಐ ಸಾಕು. ಲ್ಯಾಮಿನೇಷನ್ ಬೇಡವೇ ಬೇಡ. ಒಳಗೆ ಸಿಕ್ಕ ತೇವ ಹೊರಬರುವುದಿಲ್ಲ. ಹಿಂಬದಿಯ ಬರಹವನ್ನೂ ಸ್ಕ್ಯಾನ್ ಮಾಡಿ, ನಿಮ್ಮ ಟಿಪ್ಪಣಿಯನ್ನು ಮೆತ್ತನೆಯ ಪೆನ್ಸಿಲ್‌ನಲ್ಲಿ ಬರೆಯಿರಿ.

ಇಷ್ಟಾದ ಮೇಲೆ ಅಜ್ಜಿಯನ್ನು ಕೇಳಿ. ‘ಯಾವ ಇಸವಿ?’ ಅಂದರೆ ತಡವರಿಸುತ್ತಾರೆ. ‘ಆಗ ಯಾವ ಮಗು ಹೊಟ್ಟೆಯಲ್ಲಿತ್ತು?’ ಅಂದರೆ ತಿಂಗಳ ಸಮೇತ ಹೇಳುತ್ತಾರೆ.